ಪಂಪು ಹಿಂದೆ ಬರ್ತಾ ಇದೆ

"ಮೇಡಂ, ಕಾಲೇಜು ದಿನಗಳ ಬಗ್ಗೆ ಏನಾದರೂ ಬರೆದುಕೊಡಿ" ಅಂತ ಸಂಚಿಕೆಯ ಹುಡುಗರು ಫೋನ್ ಮಾಡಿದಾಗ ಪಾಠ, ಲ್ಯಾಬು, ಪರೀಕ್ಷೆ ಯಾವುದೂ ನೆನಪಿಗೆ ಬರಲಿಲ್ಲ. ನೆನಪಾದದ್ದು ಸೈಕಲ್ ಸ್ಟ್ಯಾಂಡು. 1987ರಿಂದ 1990ರವರೆಗೆ ಬಿ.ಎಸ್ಸಿ. ಓದಿದೆ. ಆ ಮೂರು ವರ್ಷದಲ್ಲಿ ಕಲಿತದ್ದರಲ್ಲಿ ಈಗಲೂ ಕೈಗೆ ಬರುವುದು ಒಂದೇ, ಪಂಕ್ಚರ್ ಹಾಕುವುದು. "ಅದನ್ನೇ ಬರೆಯಲಾ?" ಅಂದೆ. "ಬರೀರಿ ಮೇಡಂ, ಓದ್ತಾರೆ" ಅಂದರು.

ಆಗ ಬಸವನಗುಡಿಯಲ್ಲಿ ಕಾಲೇಜಿಗೆ ಸೈಕಲ್ಲಿನಲ್ಲಿ ಬರುವುದು ವಿಶೇಷವೇನಲ್ಲ. ಕೆಲಸವಿಲ್ಲದೆ ಸುಮ್ನೆ ತಿರುಗಲು ಸೈಕಲ್ ಹತ್ತುವುದು ಮಾತ್ರ ಮನೆಯವರಿಗೆ ಅರ್ಥವಾಗುತ್ತಿರಲಿಲ್ಲ.

"ಎಲ್ಲಿಗೆ?" ಅಂತ ಅಮ್ಮ.

"ದೊಡ್ಡ ಆಲದ ಮರಕ್ಕೆ."

"ಅಲ್ಲೇನಿದೆ?"

"ಆಲದ ಮರ."

"ಅದನ್ನ ನೋಡೋಕೆ ಅಷ್ಟು ದೂರ ತುಳಿಬೇಕಾ? ನಮ್ಮ ಬೀದೀಲೇ ಮರ ಇಲ್ವಾ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ನಾವು ಎಂಟು ಜನ. ಐವರು ಹುಡುಗರು, ಮೂವರು ಹುಡುಗಿಯರು. ಸಂಘ ಅಂತ ಹೆಸರಿರಲಿಲ್ಲ, ಚಂದಾ ಇರಲಿಲ್ಲ. ಶನಿವಾರ ಮಧ್ಯಾಹ್ನ ಸ್ಟ್ಯಾಂಡಿನಲ್ಲಿ ಮಾತಾಯಿತೆಂದರೆ ಭಾನುವಾರ ಬೆಳಗ್ಗೆ ಐದೂವರೆಗೆ ಗಾಂಧಿಬಜಾರು. ಹೆಸರು ಹಿಡಿದು ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ. ಜೇಬಿನಲ್ಲಿ ಪ್ಯಾಚು, ಸೊಲ್ಯೂಷನ್ ಅನ್ನುವ ಅಂಟಿನ ಟ್ಯೂಬು ಇಟ್ಟುಕೊಂಡು ಬರುತ್ತಿದ್ದವನು 'ಸೊಲ್ಯೂಷನ್'. ಬ್ರೇಕೇ ಇಲ್ಲದ ಸೈಕಲ್ ಓಡಿಸುತ್ತಿದ್ದವನು 'ಬ್ರೇಕು'. ಚಕ್ರ ತಿರುಗಿದರೆ ಮಾತ್ರ ದೀಪ ಉರಿಸುವ ಡೈನಮೋದ ಹಾಗೆ, ತಾನು ಓಡುತ್ತಿದ್ದರೆ ಮಾತ್ರ ಮಾತಾಡಿ, ನಿಂತ ತಕ್ಷಣ ಮೌನಕ್ಕೆ ಬೀಳುತ್ತಿದ್ದವನು 'ಡೈನಮೋ'. ನನ್ನ ಗೆಳತಿ 'ಬೆಲ್ಲು', ಯಾಕೆ ಅಂತ ಹೇಳಬೇಕಾಗಿಲ್ಲ. ನಾನು 'ಪಂಪು'.

ಈ ಹೆಸರು ಬಂದದ್ದರ ಹಿಂದೆ ಒಂದು ಜಗಳ ಇದೆ. ನನ್ನದು ಅಪ್ಪ ಸೆಕೆಂಡ್ ಹ್ಯಾಂಡಿನಲ್ಲಿ ಕೊಡಿಸಿದ್ದ ಲೇಡೀಸ್ ಸೈಕಲ್. ಕಬ್ಬಿಣ ಜಾಸ್ತಿ, ವೇಗ ಕಡಿಮೆ. ಚೈನ್ ಕವರಿನೊಳಗೆ ಸದಾ ಏನೋ ಕಟಕಟ. ಹುಡುಗರದ್ದು ಹಗುರವಾದ ಬಿಎಸ್‌ಎ ಎಸ್‌ಎಲ್‌ಆರ್. ಮೊದಲ ಸಲ ಹೋದಾಗ ನಾಯಂಡಹಳ್ಳಿ ದಾಟುವಷ್ಟರಲ್ಲಿ ಎಲ್ಲರೂ ಕಣ್ಮರೆ. ಮೈಸೂರು ರಸ್ತೆಯಲ್ಲಿ ಲಾರಿಗಳ ನಡುವೆ ನಾನೊಬ್ಬಳೇ. ಕೆಂಗೇರಿಗೆ ಹೋಗಿ ನೋಡಿದರೆ ಇವರು ಎರಡನೇ ರೌಂಡ್ ಟೀ ಕುಡಿಯುತ್ತಿದ್ದರು. ನನ್ನನ್ನು ಕಂಡದ್ದೇ ಗ್ಲಾಸು ಇಟ್ಟು "ಹೊರಡೋಣ್ವಾ?" ಅಂದರು. ಗುಂಪಿನಲ್ಲಿ ಹೋಗುವವರು ಇವತ್ತಿಗೂ ಮಾಡುವ ತಪ್ಪು ಇದೇ. ಮುಂದಿದ್ದವರಿಗೆ ಕಾದಷ್ಟೂ ಹೊತ್ತು ವಿಶ್ರಾಂತಿ. ಹಿಂದಿನಿಂದ ಬಂದವರಿಗೆ ನೀರು ಕುಡಿಯುವ ಮೊದಲೇ ಮತ್ತೆ ಪೆಡಲ್. ಸುಸ್ತಾದವರಿಗೇ ರೆಸ್ಟಿಲ್ಲ! ಅಲ್ಲೇ ಸೈಕಲ್ ಮಲಗಿಸಿ, ಬಾಯಿಗೆ ಬಂದಂತೆ ಬೈದು, ವಾಪಸ್ ಹೊರಟೆ.

ಮುಂದಿನ ವಾರ ಸೊಲ್ಯೂಷನ್ ಮನೆಯಿಂದ ಪಂಪು ತಂದ. ಈಗಿನ ಹಾಗೆ ಬ್ಯಾಗಿನಲ್ಲಿ ಹಿಡಿಸುವ ಪಂಪಲ್ಲ. ಕಾಲಿನಿಂದ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಹೊಡೆಯುವ ಕಬ್ಬಿಣದ ಪಂಪು. ಅದನ್ನು ನನ್ನ ಕ್ಯಾರಿಯರಿಗೆ ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿದ.

"ಮೊದಲೇ ನಾನು ನಿಧಾನ, ಅದರ ಮೇಲೆ ಇದು ಬೇರೆನಾ?" ಅಂದೆ.

"ಅದಕ್ಕೇ ಕಟ್ಟಿರೋದು. ಇನ್ಮೇಲೆ ಇವರು ನಿನ್ನ ಬಿಟ್ಟು ಹೋಗಲಿ ನೋಡೋಣ."

ಅವನ ಲೆಕ್ಕ ಸರಿಯಾಗಿತ್ತು. ಮುಂದೆ ಹಾರಿಹೋದವನ ಚಕ್ರ ಪಂಕ್ಚರ್ ಆದರೆ ನಾನು ಬರುವವರೆಗೂ ಅವನಿಗೆ ಮೋರಿ ಕಟ್ಟೆಯೇ ಗತಿ. ಎರಡು ಸಲ ಹೀಗಾದ ಮೇಲೆ ಎಲ್ಲರೂ ತಿರುಗಿ ತಿರುಗಿ ನೋಡಿಕೊಂಡು ತುಳಿಯತೊಡಗಿದರು. ಮುಂದಿನಿಂದ ಒಬ್ಬ "ಪಂಪು ಬರ್ತಾ ಇದೆಯಾ?" ಅಂತ ಕೂಗುವನು. ಮಧ್ಯದಿಂದ ಬೆಲ್ಲು "ಪಂಪು ಹಿಂದೆ ಬರ್ತಾ ಇದೆ!" ಅಂತ ಕೂಗುವಳು. ರಸ್ತೆ ಬದಿಯ ಜನ ನಗುತ್ತಿದ್ದರು.

ಆಲದ ಮರದ ದಾರಿ ನಮಗೆ ಮೂಗಿನಿಂದಲೇ ಗೊತ್ತಾಗುತ್ತಿತ್ತು. ವೃಷಭಾವತಿ ಹುಟ್ಟುವುದು ನಮ್ಮ ಬಸವನಗುಡಿಯ ಬಸವಣ್ಣನ ಪಾದದಲ್ಲಿ ಅಂತ ಹಿರಿಯರು ಹೇಳುತ್ತಿದ್ದರು. ಅಲ್ಲಿಂದ ಹೊರಟ ನದಿ ಮೈಸೂರು ರಸ್ತೆಗೆ ಬರುವಷ್ಟರಲ್ಲಿ ಊರಿನ ಕೊಳಕನ್ನೆಲ್ಲ ಹೊತ್ತು ಕೆಂಗೇರಿವರೆಗೂ ನಮ್ಮ ಜೊತೆಗೇ ಬರುತ್ತಿತ್ತು. ದಾರಿಯಲ್ಲಿ ಗಾಳಿ ಆಂಜನೇಯನ ಗುಡಿ. ಹೊಸ ಗಾಡಿ ಕೊಂಡವರು ಪೂಜೆಗೆ ತರುವ ಜಾಗ. ಅಲ್ಲಿ ಸೈಕಲ್ಲಿನಿಂದ ಇಳಿಯದೆ ಒಂದು ಕೈಯಲ್ಲೇ ನಮಸ್ಕಾರ ಹಾಕುವುದು ಬ್ರೇಕುವಿನ ಅಭ್ಯಾಸ. ಅವನ ಟೈರು ಪ್ರತಿ ಸಲ ಕೆಂಗೇರಿ ಆಚೆ ಕೂರುತ್ತಿತ್ತು. "ಗಾಳಿ ಆಂಜನೇಯನಿಗೆ ಎರಡೂ ಕೈ ಮುಗಿಯದಿದ್ದರೆ ಗಾಳಿ ಎಲ್ಲಿ ನಿಲ್ಲತ್ತೆ?" ಅಂತ ಬೆಲ್ಲು ಶುರು ಮಾಡುತ್ತಿದ್ದಳು.

ಒಂದು ಸಲದ ಪಂಕ್ಚರ್ ಮಾತ್ರ ನಾನು ಮರೆಯುವುದಿಲ್ಲ. ಕುಂಬಳಗೋಡಿನ ಹತ್ತಿರ ಬಲಕ್ಕೆ ತಿರುಗಿ ರಾಮೋಹಳ್ಳಿ ಕಡೆ ಹೊರಟಿದ್ದೆವು. ಬ್ರೇಕುವಿನ ಹಿಂದಿನ ಚಕ್ರ ಫ್ಲಾಟ್. ಸೊಲ್ಯೂಷನ್ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಟೈರಿನ ಒಂದು ಅಂಚು ಎಬ್ಬಿಸಿ, ಟ್ಯೂಬು ಹೊರಗೆಳೆದ. ಅಂಗಡಿಯವರ ಹಾಗೆ ಅದ್ದಿ ನೋಡಲು ಬೇಸಿನ್ನಿನಲ್ಲಿ ನೀರಿಲ್ಲ. ಗಾಳಿ ತುಂಬಿದ ಟ್ಯೂಬನ್ನು ಕೆನ್ನೆಯ ಹತ್ತಿರ ಹಿಡಿದು ಸುತ್ತಿಸಿದ. ಒಂದು ಕಡೆ ತಣ್ಣಗೆ ತಗಲಿತು. ಅಲ್ಲಿ ಉಪ್ಪು ಕಾಗದದಿಂದ ಉಜ್ಜಿ, ಅಂಟು ಹಚ್ಚಿ, ಒಣಗಲು ಬಿಟ್ಟ. ಅಂಟು ಹಸಿ ಇದ್ದಾಗಲೇ ಪ್ಯಾಚ್ ಒತ್ತಿದರೆ ಹಿಡಿಯುವುದಿಲ್ಲ. ಬೆರಳಿಗೆ ಅಂಟದಷ್ಟು ಆರಬೇಕು. ಪ್ಯಾಚ್ ಹಾಕಿ, ಪಂಪು ಹೊಡೆದು ಹೊರಟೆವು. ಒಂದು ಕಿಲೋಮೀಟರ್ ಹೋಗಿಲ್ಲ, ಮತ್ತೆ ಫ್ಲಾಟ್. ಡೈನಮೋಗೆ ಅವಸರ, "ನೀನು ಸರಿಯಾಗಿ ಆರಿಸಿಲ್ಲ" ಅಂದ. ಸೊಲ್ಯೂಷನ್‌ಗೆ ಸಿಟ್ಟು. ಮತ್ತೆ ಬಿಚ್ಚಿದರೆ ಹಳೇ ಪ್ಯಾಚ್ ಗಟ್ಟಿಯಾಗಿಯೇ ಇದೆ, ಪಕ್ಕದಲ್ಲಿ ಹೊಸ ತೂತು. ಅದಕ್ಕೂ ಹಾಕಿದ. ಮೂರನೇ ಸಲ ಕೂತಾಗ ಯಾರೂ ಮಾತಾಡಲಿಲ್ಲ. ಬೆಲ್ಲು ಕೂಡ.

ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬರು ಅಜ್ಜ ನಿಂತು ನೋಡಿದರು. ಸ್ವಲ್ಪ ಹೊತ್ತು ಬೀಡಿ ಸೇದಿದರು. ಆಮೇಲೆ, "ಟೈರೊಳಗೆ ಬೆರಳಾಡಿಸಿ ನೋಡಿದ್ರೇನ್ರಪ್ಪಾ?" ಅಂದರು.

ನಾವು ಮುಖ ಮುಖ ನೋಡಿಕೊಂಡೆವು. ಅಜ್ಜ ಕೂತು, ತಮ್ಮ ಒರಟು ಹೆಬ್ಬೆರಳನ್ನು ಟೈರಿನ ಒಳಮೈಗೆ ಒತ್ತಿ ನಿಧಾನಕ್ಕೆ ಎಳೆಯುತ್ತ ಬಂದರು. ಅರ್ಧ ಸುತ್ತಿಗೆ ಬೆರಳು ನಿಂತಿತು. ಹೊರಗೆ ಕಾಣದಂತೆ ಮುರಿದುಕೊಂಡು, ಒಳಗೆ ಮಾತ್ರ ಎಳ್ಳಿನಷ್ಟು ಮೂತಿ ಚಾಚಿ ಕೂತಿದ್ದ ಜಾಲಿ ಮುಳ್ಳು. ಅದನ್ನು ಉಗುರಿನಿಂದ ಮೀಟಿ ತೆಗೆದು ಸೊಲ್ಯೂಷನ್ ಅಂಗೈಗೆ ಹಾಕಿದರು. "ಟ್ಯೂಬಿಗೆ ಎಷ್ಟ್ ಔಷ್ದಿ ಹಚ್ಚುದ್ರೇನು, ಮುಳ್ಳು ಇಲ್ಲೇ ಇದ್ರೆ?" ಅಂತ ಎದ್ದು ಎಮ್ಮೆ ಹಿಂದೆ ಹೋದರು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದುತ್ತಿದ್ದ ಎಂಟು ಜನ ಆ ಮುಳ್ಳನ್ನು ಸುತ್ತ ನಿಂತು ನೋಡಿದೆವು.

ಮರ ತಲುಪಿದಾಗ ಹತ್ತು ಗಂಟೆ. ಕೇತೋಹಳ್ಳಿಯ ಆ ಮರಕ್ಕೆ ಸುಮಾರು 400 ವರ್ಷ, ಹರಡಿರುವುದು ಮೂರು ಎಕರೆ ಅಂತ ಹೇಳುತ್ತಾರೆ. ಹೊರಗಿನಿಂದ ನೋಡಿದರೆ ಒಂದು ತೋಪು, ಒಳಗೆ ಹೋದರೆ ಎಲ್ಲ ಬಿಳಲೇ. ಅಮ್ಮ ಬೈಯುತ್ತಲೇ ಕಟ್ಟಿಕೊಟ್ಟಿದ್ದ ಚಿತ್ರಾನ್ನದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಪಕ್ಕದಲ್ಲಿಟ್ಟು ಕೈ ತೊಳೆಯಲು ತಿರುಗಿದೆ, ಅಷ್ಟೇ. ಕೋತಿ ಡಬ್ಬಿ ಸಮೇತ ಮೇಲೆ. ಅದು ಕಡಲೆಬೀಜ ಮಾತ್ರ ಆರಿಸಿ ತಿಂದು, ಅನ್ನವನ್ನು ಬ್ರೇಕುವಿನ ತಲೆಯ ಮೇಲೆ ಸುರಿಯಿತು. ಡಬ್ಬಿ ಸಿಗಲಿಲ್ಲ. ಸ್ಟೀಲ್ ಡಬ್ಬಿ, ಅದರ ಮೇಲೆ ಅಜ್ಜಿಯ ಹೆಸರು ಕೊರೆಸಿದ್ದು. ಅಮ್ಮ ಅದನ್ನು ವರ್ಷಗಟ್ಟಲೆ ಆಡಿಕೊಂಡರು.

ಬಿದ್ದದ್ದೂ ಉಂಟು. ಹೆಚ್ಚಿನವು ಗುಂಡಿಯಿಂದಲ್ಲ, ಮಾತಿನಿಂದ. ಪಕ್ಕಪಕ್ಕ ಹರಟುತ್ತ ಹೋಗುವಾಗ ನಮ್ಮ ಮುಂದಿನ ಚಕ್ರ ಮುಂದಿನವರ ಹಿಂದಿನ ಚಕ್ರಕ್ಕೆ ಸ್ವಲ್ಪ ಅಡ್ಡ ಸೇರಿಕೊಂಡಿರುತ್ತದೆ. ಅವರು ಒಂದು ಕಲ್ಲು ತಪ್ಪಿಸಲು ಆ ಕಡೆಗೆ ವಾಲಿದರೆ ಸಾಕು, ಚಕ್ರಕ್ಕೆ ಚಕ್ರ ತಾಗುತ್ತದೆ. ಮುಂದಿನವರಿಗೆ ಏನೂ ಆಗುವುದಿಲ್ಲ, ಬೀಳುವುದು ಹಿಂದಿನವರೇ. ಅವರ ಹಿಂದಿನವರು ಅವರ ಮೇಲೆ. ಹೀಗೆ ಕನಕಪುರ ರಸ್ತೆಯಲ್ಲಿ ಒಂದು ಸಲ ನಾಲ್ವರು ಒಟ್ಟಿಗೆ ಮಲಗಿದೆವು. ಶುರು ಮಾಡಿದವಳು ನಾನು. ಆ ದಿನ ಯಾರಿಗೋ ಕಾಯದೆ ಮುಂದೆ ಬಂದಿದ್ದೆ, ಅದೇ ತಪ್ಪು. ಮೊಣಕೈ ಕಲೆ ಇನ್ನೂ ಇದೆ. ದುಪಟ್ಟಾ ಸೊಂಟಕ್ಕೆ ಬಿಗಿದು ಕಟ್ಟಿಕೊಳ್ಳುವುದನ್ನು ಕಲಿತದ್ದು ಮಾತ್ರ ಬಿದ್ದಲ್ಲ. ಒಮ್ಮೆ ಅದು ಹಿಂದಿನ ಚಕ್ರದ ಕಡ್ಡಿಗೆ ಸುತ್ತಿಕೊಂಡು ಕತ್ತು ಹಿಡಿದು ನಿಲ್ಲಿಸಿತ್ತು, ಅವತ್ತೇ.

ನಂದಿ ಬೆಟ್ಟಕ್ಕೂ ಒಂದು ಸಲ ಹೋದೆವು. ಊರಿಂದ ಸುಮಾರು 60 ಕಿಲೋಮೀಟರ್, ಎತ್ತರ 1478 ಮೀಟರ್. ಗೇರಿಲ್ಲದ ಸೈಕಲ್ಲಿನಲ್ಲಿ ಹತ್ತಿದೆವು ಅಂದರೆ ಸುಳ್ಳು, ತಳ್ಳಿಕೊಂಡು ಹೋದೆವು. ಇಳಿಯುವಾಗ ಮಳೆ. ಸ್ಟೀಲಿನ ರಿಮ್ಮು ಒದ್ದೆಯಾದರೆ ಬ್ರೇಕ್ ಕಟ್ಟೆ ಜಾರುತ್ತದೆ. ಬ್ರೇಕ್ ಇದ್ದವರೇ ಜೀವ ಕೈಯಲ್ಲಿ ಹಿಡಿದಿದ್ದೆವು. ಬ್ರೇಕು ಎರಡು ತಿರುವು ಚಪ್ಪಲಿಯಲ್ಲಿ ನಿಭಾಯಿಸಿ, ಮೂರನೆಯದರಲ್ಲಿ ತಾನಾಗಿಯೇ ಲಂಟಾನ ಪೊದೆಗೆ ಹೋದ. "ಬೇರೆ ಕಡೆ ಪ್ರಪಾತ ಇತ್ತು, ಇದು ವಾಸಿ ಅನ್ನಿಸ್ತು" ಅಂದ. ಇದಕ್ಕಿಂತ ಜಾಸ್ತಿ ನಂದಿಯ ಬಗ್ಗೆ ಹೇಳಲು ಏನೂ ಇಲ್ಲ. ಮೇಲೆ ಬರೀ ಮಂಜು, ಕೈ ಚಾಚಿದರೆ ಕೈ ಕಾಣಲಿಲ್ಲ.

ಕತ್ತಲಾದ ಮೇಲೆ ದೀಪವಿಲ್ಲದ ಸೈಕಲ್ಲನ್ನು ಪೊಲೀಸರು ಹಿಡಿಯುತ್ತಿದ್ದ ಕಾಲ ಅದು. ನಮ್ಮಲ್ಲಿ ದೀಪ ಇದ್ದವನು ಡೈನಮೋ ಒಬ್ಬನೇ. ಒಂದು ಸಂಜೆ ಚಾಮರಾಜಪೇಟೆಯ ತಿರುವಿನಲ್ಲಿ ಪೊಲೀಸಪ್ಪ ಕೈ ಅಡ್ಡ ಹಾಕಿದ. ಡೈನಮೋ ನಿಂತ. ಚಕ್ರ ನಿಂತರೆ ದೀಪವೂ ಹೋಯಿತಲ್ಲ!

"ಲೈಟ್ ಎಲ್ಲಯ್ಯಾ?"

"ಇದೆ ಸಾರ್. ನಿಂತರೆ ಉರಿಯಲ್ಲ."

"ನಿಂತಿರೋವಾಗ ಉರಿಯದೇ ಇರೋ ಲೈಟು ಎಂಥಾ ಲೈಟು?"

ಡೈನಮೋ ಹಿಂದಿನ ಚಕ್ರ ಎತ್ತಿ ಹಿಡಿದ, ಬ್ರೇಕು ಕೈಯಲ್ಲಿ ಪೆಡಲ್ ತಿರುಗಿಸಿದ. ದೀಪ ಪೊಲೀಸಪ್ಪನ ಮುಖಕ್ಕೇ ಉರಿಯಿತು. ದೀಪವೇ ಇಲ್ಲದ ಉಳಿದ ನಾವು ಆರು ಜನ ಅಷ್ಟರಲ್ಲಿ ಸೈಕಲ್ ತಳ್ಳಿಕೊಂಡು ಪಕ್ಕದ ಬೀದಿ ಸೇರಿದ್ದೆವು.

ಹಿಂತಿರುಗಿದ ಮೇಲೆ ತಿಂಡಿ ವಿದ್ಯಾರ್ಥಿ ಭವನದಲ್ಲಿ. ಅಲ್ಲಿ ಶುಕ್ರವಾರ ರಜೆ, ಭಾನುವಾರ ಕ್ಯೂ. ಬ್ರಾಹ್ಮಿನ್ಸ್ ಕಾಫಿ ಬಾರಿಗೆ ಭಾನುವಾರವೇ ರಜೆ. ನಮ್ಮ ಪುಣ್ಯ ಹಾಗಿತ್ತು. ಬೆವರು, ಚೈನಿನ ಗ್ರೀಸು, ಒಬ್ಬನ ತಲೆಯಲ್ಲಿ ಅನ್ನದ ಅಗುಳು. ಪಕ್ಕದ ಟೇಬಲ್ಲಿನವರು ಸ್ವಲ್ಪ ಸರಿದು ಕೂರುತ್ತಿದ್ದರು. ದೋಸೆ ಬರುವ ಮುಂಚೆಯೇ ಬೆಳಗಿನ ಕತೆ ಬೆಳೆಯುತ್ತಿತ್ತು. ಎಮ್ಮೆ ಅಜ್ಜನ ಮುಳ್ಳು ಎರಡನೇ ಕಾಫಿಯ ಹೊತ್ತಿಗೆ ಮೊಳೆಯಾಗಿತ್ತು.

ಹೋದ ಡಿಸೆಂಬರಿನಲ್ಲಿ ಮತ್ತೆ ಹೋದೆವು. ಎಂಟರಲ್ಲಿ ಐವರು. ಮೈಸೂರು ರಸ್ತೆಯ ಮೇಲೆ ಮೆಟ್ರೋ ಓಡುತ್ತದೆ. ಕೆಂಗೇರಿ ಆಚೆ ಹೈವೇಯ ಮುಖ್ಯ ರಸ್ತೆಗೆ 2023ರ ಆಗಸ್ಟಿನಿಂದ ಬೈಕಿಗೂ ಪ್ರವೇಶವಿಲ್ಲ, ಸೈಕಲ್ಲಿಗೆಲ್ಲಿ? ಸರ್ವಿಸ್ ರಸ್ತೆಯಲ್ಲೇ ಹೋದೆವು. ಎಲ್ಲರದ್ದೂ ಗೇರ್ ಸೈಕಲ್, ತಲೆಗೆ ಹೆಲ್ಮೆಟ್. ಬ್ರೇಕುವಿನದ್ದಕ್ಕೆ ಡಿಸ್ಕ್ ಬ್ರೇಕು, ಎರಡೆರಡು. ಅದನ್ನು ಮುಟ್ಟಿ ಮುಟ್ಟಿ ತೋರಿಸಿದ. ಆಲದ ಮರದ ಮೂಲ ಕಾಂಡ ರೋಗ ಬಂದು ಯಾವಾಗಲೋ ಹೋಯಿತು. ಬಿಳಲುಗಳೇ ಈಗ ಮರ. ಕೋತಿಗಳು ಇವೆ. ಡಬ್ಬಿ ಬಿಚ್ಚಲಿಲ್ಲ.

ಹಳೇ ಪಂಪನ್ನು ನಾನು ಹಟಕ್ಕೆ ಕಟ್ಟಿಕೊಂಡು ಹೋಗಿದ್ದೆ. ವಾಷರ್ ಒಣಗಿತ್ತು, ಕೊಬ್ಬರಿ ಎಣ್ಣೆ ಹಾಕಿದ ಮೇಲೆ ಗಾಳಿ ಬಂತು. ಬರುವಾಗ ರಾಮೋಹಳ್ಳಿ ಹತ್ತಿರ ಬೆಲ್ಲುವಿನ ಟೈರು ಮೆತ್ತಗಾಯಿತು. ಖುಷಿಯಿಂದ ಪಂಪು ಬಿಚ್ಚಿದೆ. ಅವಳದ್ದು ಕಡ್ಡಿಯಂಥ ಸಣ್ಣ ವಾಲ್ವು, ನಮ್ಮ ಪಂಪಿನ ಬಾಯಿಗೆ ಕೂರಲೇ ಇಲ್ಲ. ಅವಳು ಜೇಬಿನಿಂದ ಪೆನ್ನಿನಷ್ಟುದ್ದದ ಏನನ್ನೋ ತೆಗೆದು, ಎರಡು ನಿಮಿಷದಲ್ಲಿ ಗಾಳಿ ತುಂಬಿ ಮುಗಿಸಿದಳು. ನನ್ನ ಪಂಪನ್ನು ಯಾರೂ ಆಡಿಕೊಳ್ಳಲಿಲ್ಲ. ಅದು ಇನ್ನೂ ಬೇಜಾರು. ಮತ್ತೆ ಕ್ಯಾರಿಯರಿಗೆ ಕಟ್ಟಿದೆ. ಟ್ಯೂಬಿನ ಪಟ್ಟಿ ಹಳೆಯದು, ಗಂಟು ಬೀಳಲು ಹೊತ್ತಾಯಿತು. ಅಷ್ಟರಲ್ಲಿ ನಾಲ್ವರೂ ಹೊರಟುಹೋಗಿದ್ದರು.

ಕುಂಬಳಗೋಡಿನ ತಿರುವಿಗೆ ಬಂದಾಗ ನಾಲ್ಕೂ ಸೈಕಲ್ಲು ಗೋಡೆಗೆ ಒರಗಿದ್ದವು. ಬೆಲ್ಲು ರಸ್ತೆಗೆ ಬಂದು ನಿಂತು ಹಿಂದೆ ನೋಡುತ್ತಿದ್ದಳು. ನನ್ನನ್ನು ಕಂಡು ಅಂಗಡಿಯ ಕಡೆ ತಿರುಗಿ, "ಬಂತು! ಇನ್ನೊಂದು ಟೀ ಹೇಳ್ರೋ. ಅವಳು ಕುಡಿಯೋವರೆಗೂ ಯಾರೂ ಏಳೋ ಹಾಗಿಲ್ಲ" ಅಂತ ಕೂಗಿದಳು.