ನಿವೃತ್ತಿಯ ಹದಿನೈದು ವರ್ಷಗಳಿಗೆ ಒಂದು ಕಾರು

ನಿವೃತ್ತಿಗೆ ಎಂಟು ತಿಂಗಳು ಉಳಿದಿರುವಾಗ ನಾನೂ ನನ್ನ ಪತ್ನಿಯೂ ಹಳೆಯ ಕಾರನ್ನು ಮಾರಿ ಇನ್ನೊಂದನ್ನು ಕೊಳ್ಳುವುದೆಂದು ನಿಶ್ಚಯಿಸಿದೆವು. ಸಂಬಳ ಬರುತ್ತಿರುವಾಗಲೇ ಈ ದೊಡ್ಡ ಖರ್ಚು ಮುಗಿದುಬಿಡಲಿ, ಆಮೇಲೆ ಸಾಲದ ಕಂತು ಎಂಬ ಮಾತೇ ಬೇಡ ಎಂಬುದು ನಮ್ಮ ಲೆಕ್ಕವಾಗಿತ್ತು. ಇದೇ ಕಾರನ್ನು ಎಪ್ಪತ್ತೈದರವರೆಗೆ ಇಟ್ಟುಕೊಳ್ಳಬೇಕು ಎಂದುಕೊಂಡ ಕೂಡಲೇ, ಈವರೆಗೆ ಕಾರು ಕೊಳ್ಳುವಾಗ ಕೇಳುತ್ತಿದ್ದ ಪ್ರಶ್ನೆಗಳೆಲ್ಲ ಬದಲಾದವು. ಹನ್ನೆರಡನೆಯ ವರ್ಷದಲ್ಲಿ ಅದರಲ್ಲಿ ಏನು ಕೆಡಬಹುದು, ಕೆಟ್ಟದ್ದನ್ನು ಯಾರು ಸರಿಪಡಿಸಿಯಾರು, ಆ ಹೊತ್ತಿಗೆ ನಮ್ಮ ಮೊಣಕಾಲುಗಳು ಅದರೊಳಗೆ ಹತ್ತಿ ಇಳಿಯಲು ಒಪ್ಪಿಯಾವೇ ಎಂಬುದೇ ನಮಗೆ ಮುಖ್ಯವಾಯಿತು.

ಎಲ್ಲರೂ ಮೊದಲು ಕೇಳುವುದು ಮೈಲೇಜನ್ನು. ನಾನೂ ಅಲ್ಲಿಂದಲೇ ಆರಂಭಿಸಿದೆ. ಕೆಲಸಕ್ಕೆ ಹೋಗಿಬರುವ ಓಡಾಟ ನಿಂತ ಮೇಲೆ ನಮ್ಮದು ವರ್ಷಕ್ಕೆ 6,000 ಕಿಲೋಮೀಟರ್ ದಾಟಲಾರದು. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಿಗೆ ಅಷ್ಟು ದೂರಕ್ಕೆ 400 ಲೀಟರ್ ಪೆಟ್ರೋಲ್ ಬೇಕು, 20 ಕೊಡುವುದಕ್ಕೆ 300 ಲೀಟರ್, 25 ಕೊಡುವುದಕ್ಕೆ 240 ಲೀಟರ್. ಹದಿನೈದರಿಂದ ಇಪ್ಪತ್ತಕ್ಕೆ ಏರಿದಾಗ ವರ್ಷಕ್ಕೆ 100 ಲೀಟರ್ ಉಳಿದರೆ, ಇಪ್ಪತ್ತರಿಂದ ಇಪ್ಪತ್ತೈದಕ್ಕೆ ಏರಿದಾಗ ಉಳಿಯುವುದು 60 ಲೀಟರ್ ಮಾತ್ರ. ಆ 60 ಲೀಟರಿಗಾಗಿ ಕಾರಿನ ಬೆಲೆಯಲ್ಲಿ ಎಷ್ಟು ಹೆಚ್ಚು ಕೊಡುತ್ತಿದ್ದೇವೆ ಎಂದು ಕಾಗದದ ಮೇಲೆ ಬರೆದು ನೋಡಿದರೆ, ಕಡಿಮೆ ಓಡಿಸುವವರಿಗೆ ಅದು ಎಷ್ಟೋ ವರ್ಷ ಹಿಂದಿರುಗದ ಹಣ ಎಂಬುದು ಸ್ಪಷ್ಟವಾಗುತ್ತದೆ. ಅಪರೂಪಕ್ಕೆ ಓಡುವ ಕಾರಿನಲ್ಲಿ ಹಣ ಸೋರುವುದು ಬೆಲೆಯ ಇಳಿಕೆಯಲ್ಲಿ, ವಿಮೆಯಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಒಮ್ಮೆಗೇ ಎರಗುವ ದೊಡ್ಡ ರಿಪೇರಿಯಲ್ಲಿ. ಪಿಂಚಣಿಯಲ್ಲಿ ಬದುಕುವವರು ಹೆದರಬೇಕಾದದ್ದು ಆ ಕೊನೆಯದಕ್ಕೆ.

ಆದ್ದರಿಂದ ಎಂಜಿನ್ ಮತ್ತು ಗೇರ್‌ಬಾಕ್ಸ್ ವಿಷಯದಲ್ಲಿ ಹೊಸತನದ ಆಸೆಯನ್ನು ನಾನು ಸಂಪೂರ್ಣವಾಗಿ ಬಿಟ್ಟೆ. ಎಂಜಿನ್ನಿಗೆ ಒತ್ತಡದಿಂದ ಹೆಚ್ಚು ಗಾಳಿ ತುಂಬುವ ಟರ್ಬೊ ಇಲ್ಲದ ಸಾಧಾರಣ ಪೆಟ್ರೋಲ್ ಎಂಜಿನ್ ನನ್ನ ಮೊದಲ ಆಯ್ಕೆಯಾಯಿತು. ಟರ್ಬೊ ವಿಪರೀತ ಶಾಖದಲ್ಲಿ, ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಭಾಗ; ಎಣ್ಣೆ ಬದಲಿಸುವುದರಲ್ಲಿ ಆಗುವ ಉದಾಸೀನವನ್ನು ಅದು ಸಹಿಸುವುದಿಲ್ಲ. ಇಂಧನವನ್ನು ನೇರವಾಗಿ ಸಿಲಿಂಡರಿನೊಳಗೆ ಸಿಂಪಡಿಸುವ ಎಂಜಿನ್‌ಗಳಲ್ಲಿ ಗಾಳಿಯನ್ನು ಒಳಬಿಡುವ ಇನ್‌ಟೇಕ್ ವಾಲ್ವ್‌ಗಳ ಹಿಂಬದಿಯನ್ನು ಪೆಟ್ರೋಲ್ ತೊಳೆಯುವುದಿಲ್ಲವಾದ್ದರಿಂದ ಅಲ್ಲಿ ಕರಿ ಕಟ್ಟುತ್ತದೆ. ವಾಲ್ವಿನ ಹಿಂದೆ ಸಿಂಪಡಿಸುವ ಹಳೆಯ ಪದ್ಧತಿಯಲ್ಲಿ ಈ ತೊಂದರೆ ತೀರಾ ಕಡಿಮೆ. ವಾಲ್ವುಗಳನ್ನು ಪಿಸ್ಟನ್ನುಗಳ ಚಲನೆಗೆ ಸರಿಹೊಂದಿಸಿ ತೆರೆದು ಮುಚ್ಚಿಸಲು ಟೈಮಿಂಗ್ ಚೈನ್ ಇದೆಯೋ ಬೆಲ್ಟ್ ಇದೆಯೋ ಎಂಬುದನ್ನೂ ಕೇಳಿ ತಿಳಿದುಕೊಳ್ಳಬೇಕು. ಬೆಲ್ಟ್ ಆದರೆ ಅದು ಕಿಲೋಮೀಟರ್ ಲೆಕ್ಕದಲ್ಲಿ ಸವೆಯುವ ಮೊದಲೇ ವರ್ಷಗಳ ಲೆಕ್ಕದಲ್ಲಿ ಹಳತಾಗುತ್ತದೆ, ಮತ್ತು ಬಹಳಷ್ಟು ಎಂಜಿನ್‌ಗಳಲ್ಲಿ ಅದು ಓಡುವಾಗ ಹರಿದರೆ ಪಿಸ್ಟನ್‌ಗಳು ವಾಲ್ವ್‌ಗಳಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ಕಾರು ಕಡಿಮೆ ಓಡಿದೆ, ಬೆಲ್ಟ್ ಇನ್ನೂ ಚೆನ್ನಾಗಿದೆ ಎಂಬ ನಂಬಿಕೆಯೇ ಅಪಾಯಕಾರಿ.

ಡೀಸೆಲ್ ಬೇಡವೆಂದು ನಿರ್ಧರಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಈಗಿನ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿರುವ ಮಸಿ ಸೋಸುವ ಫಿಲ್ಟರ್ ತನ್ನೊಳಗೆ ಕೂಡಿದ ಮಸಿಯನ್ನು ಸುಟ್ಟುಕೊಂಡು ಶುದ್ಧವಾಗಲು ಆಗಾಗ ದೀರ್ಘ ಪ್ರಯಾಣದ ಶಾಖ ಬೇಕು. ತರಕಾರಿ, ಔಷಧಿ, ಆಸ್ಪತ್ರೆ ಎಂದು ಮೂರು ನಾಲ್ಕು ಕಿಲೋಮೀಟರ್ ಓಡಿ ನಿಲ್ಲುವ ನಮ್ಮಂಥವರ ಕೈಯಲ್ಲಿ ಅದು ಕಟ್ಟಿಕೊಳ್ಳುವುದು ಖಂಡಿತ. ವಿದ್ಯುತ್ ಕಾರಿನಲ್ಲಿ ಎಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ, ಕೆಡುವ ಭಾಗಗಳು ಕಡಿಮೆ, ಬ್ಯಾಟರಿಗೆ ಹೆಚ್ಚಿನ ತಯಾರಕರು ಎಂಟು ವರ್ಷದ ಖಾತರಿಯನ್ನೂ ಕೊಡುತ್ತಾರೆ. ಸ್ವಂತ ಶೆಡ್ಡಿನಲ್ಲಿ ಚಾರ್ಜ್ ಮಾಡಿಕೊಳ್ಳುವ ಅನುಕೂಲ ಇರುವವರು ಅದನ್ನು ಗಂಭೀರವಾಗಿ ಪರಿಶೀಲಿಸಬೇಕು. ನಮಗೆ ಆ ಅನುಕೂಲವಿಲ್ಲ. ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಬಗ್ಗೆ ಮಾತ್ರ ನಾನು ಬಹಳ ದಿನ ಯೋಚಿಸಿದೆ. 1997ರಲ್ಲಿ ಟೊಯೋಟಾ ಪ್ರಿಯಸ್‌ನೊಂದಿಗೆ ಬಂದ ವ್ಯವಸ್ಥೆಯಲ್ಲಿ ಗೇರಿನ ಅನುಪಾತವನ್ನು ಬೆಲ್ಟಿನಿಂದ ಬದಲಿಸುವ ಸಿವಿಟಿ ಎಂಬ ಗೇರ್ ವ್ಯವಸ್ಥೆಯೂ ಇಲ್ಲ, ಕ್ಲಚ್ಚೂ ಇಲ್ಲ. ಒಂದು ಗ್ರಹಚಕ್ರದ ಗೇರು (ನಡುವಿನ ಹಲ್ಲುಚಕ್ರದ ಸುತ್ತ ಸಣ್ಣ ಚಕ್ರಗಳಿರುವ ಜೋಡಣೆ) ಎಂಜಿನ್ನನ್ನೂ ಮೋಟಾರುಗಳನ್ನೂ ಜೋಡಿಸುತ್ತದೆ. ಕೇಳಲು ಜಟಿಲವಾದರೂ ಸವೆಯುವ ಭಾಗಗಳು ಅದರಲ್ಲಿ ಕಡಿಮೆ, ಬ್ರೇಕ್ ಪ್ಯಾಡುಗಳೂ ಹೆಚ್ಚು ಕಾಲ ಬಾಳುತ್ತವೆ. ವರ್ಷಕ್ಕೆ ಹದಿನೈದು ಸಾವಿರ ಕಿಲೋಮೀಟರ್ ಓಡಿಸುವವನಾಗಿದ್ದರೆ ನಾನು ಅದನ್ನೇ ಕೊಳ್ಳುತ್ತಿದ್ದೆ.

ಇನ್ನು ನಮ್ಮ ಶರೀರದ ವಿಷಯ. ಇದನ್ನು ನಾನು ಇಷ್ಟು ತಡವಾಗಿ ಗಮನಿಸಿದೆನಲ್ಲ ಎಂಬ ಬೇಸರ ನನಗಿದೆ. ಪತ್ನಿಗೆ ಬಲಮೊಣಕಾಲು ನೋವು. ಹಳೆಯ ಕಾರಿಗೆ ಆಕೆ ಹತ್ತುತ್ತಿದ್ದ ರೀತಿಯನ್ನು ಒಂದು ದಿನ ನಿಂತು ನೋಡಿದೆ: ಮೊದಲು ಬೆನ್ನು ತಿರುಗಿಸಿ, ಬಾಗಿಲಿನ ಅಂಚನ್ನು ಹಿಡಿದು, ಸೀಟಿನ ಮೇಲೆ ಹೆಚ್ಚುಕಡಿಮೆ ಬೀಳುತ್ತಿದ್ದಳು, ಆಮೇಲೆ ಬಲಗಾಲನ್ನು ಎರಡೂ ಕೈಗಳಿಂದ ಎತ್ತಿ ಒಳಗಿಡುತ್ತಿದ್ದಳು. ಅಳತೆಪಟ್ಟಿ ಹಿಡಿದು ನೋಡಿದರೆ ಆ ಸೀಟು ನೆಲದಿಂದ 49 ಸೆಂಟಿಮೀಟರ್ ಎತ್ತರದಲ್ಲಿತ್ತು. ಅಂದಿನಿಂದ ಯಾವ ಕಾರು ನೋಡಲು ಹೋದರೂ ಅಳತೆಪಟ್ಟಿ ನನ್ನ ಜೇಬಿನಲ್ಲಿರುತ್ತಿತ್ತು. ಅರವತ್ತರ ಆಸುಪಾಸಿನ ಎತ್ತರ ಇಬ್ಬರಿಗೂ ಹೊಂದಿತು: ಬಾಗಬೇಕಾಗಿಲ್ಲ, ಏರಬೇಕಾಗಿಯೂ ಇಲ್ಲ. ಅದಕ್ಕಿಂತ ಎತ್ತರದ ದೊಡ್ಡ ವಾಹನಗಳಲ್ಲಿ ಇಳಿಯುವಾಗ ನೆಲ ಸಿಗದೆ ಆಕೆಗೆ ಭಯವಾಯಿತು. ಬಾಗಿಲಿನ ಕೆಳಪಟ್ಟಿ ಎಷ್ಟು ಅಗಲವಿದೆ, ಬಾಗಿಲು ಎಷ್ಟು ತೆರೆಯುತ್ತದೆ, ಹಿಡಿದುಕೊಳ್ಳಲು ಮೇಲೆ ಹಿಡಿ ಇದೆಯೇ ಎಂಬುದನ್ನೂ ನೋಡಬೇಕು. ಷೋರೂಮಿನಲ್ಲಿ ಒಮ್ಮೆ ಕುಳಿತು ಎದ್ದರೆ ಏನೂ ತಿಳಿಯುವುದಿಲ್ಲ. ನಾವು ಪ್ರತಿಯೊಂದು ಕಾರಿನಲ್ಲೂ ಹತ್ತು ಬಾರಿ ಹತ್ತಿ ಇಳಿದೆವು, ಹತ್ತನೆಯ ಸಲ ಮೊಣಕಾಲು ಏನು ಹೇಳುತ್ತದೆ ಎಂಬುದನ್ನು ಕೇಳಿದೆವು.

ಕಣ್ಣಿನ ಮಾತೂ ಇದೆ. ಅರವತ್ತರ ವಯಸ್ಸಿನಲ್ಲಿ ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರಲ್ಲಿ ತಲುಪುತ್ತಿದ್ದುದರ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಹಾಗಿರುವಾಗ ಎಲ್ಲವನ್ನೂ ಪರದೆಯೊಳಗೆ ಅಡಗಿಸಿಟ್ಟ ಕಾರು ನನಗೆ ಬೇಡವೇ ಬೇಡ. ನನ್ನ ಹಳೆಯ ಕಾರಿನಲ್ಲಿ ಒಮ್ಮೆ ಮಳೆಯ ರಾತ್ರಿ ಮುಂದಿನ ಗಾಜು ಮಂಜುಗಟ್ಟಿದಾಗ ಪರದೆ ಕಪ್ಪಾಗಿ ನಿಂತುಬಿಟ್ಟಿತು. ಗಾಳಿಯ ಗುಂಡಿ ಇದ್ದದ್ದು ಅದರೊಳಗೇ. ಗಾಜನ್ನು ಕರವಸ್ತ್ರದಿಂದ ಒರೆಸುತ್ತ, ರಸ್ತೆಯ ಅಂಚು ಹಿಡಿದು ಮನೆ ಸೇರಿದೆ. ಬದಲಿ ಪರದೆಗೆ ಹೇಳಿದ ಬೆಲೆ ಆ ಕಾರಿನ ನಾಲ್ಕು ಟೈರುಗಳ ಬೆಲೆಗಿಂತ ಹೆಚ್ಚಾಗಿತ್ತು. ಕತ್ತಲೆಯಲ್ಲಿ ಕೈ ಹಾಯಿಸಿದರೆ ಸಿಗುವ, ತಿರುಗಿಸಬಹುದಾದ ಗುಂಡಿಗಳಿಗಾಗಿ ನಾನು ಬೇರೆ ಎಷ್ಟೋ ಸೌಕರ್ಯಗಳನ್ನು ಬಿಟ್ಟುಕೊಟ್ಟೆ. ಬಿಡದೆ ಪಡೆದದ್ದು ಎರಡನ್ನು: ಜಾರುವ ರಸ್ತೆಯಲ್ಲಿ ಕಾರನ್ನು ಹಿಡಿತದಲ್ಲಿಡುವ ಸ್ಥಿರತಾ ನಿಯಂತ್ರಣ, ಮತ್ತು ನಮ್ಮ ಕಾಲು ತಡವಾದರೂ ತಾನಾಗಿ ಬ್ರೇಕ್ ಹಿಡಿಯುವ ವ್ಯವಸ್ಥೆ.

ಬಿಡಿಭಾಗಗಳು ಹದಿನೈದು ವರ್ಷವೂ ಸಿಗಬೇಕಾದರೆ, ಬಹಳ ಜನ ಕೊಂಡಿರುವ, ರಸ್ತೆಯಲ್ಲಿ ದಿನಕ್ಕೆ ಹತ್ತು ಕಾಣುವ ಮಾದರಿಯನ್ನೇ ಆರಿಸಿಕೊಳ್ಳಬೇಕು. ಹೊಸ ಮಾದರಿಯ ಮೊದಲ ವರ್ಷದ ಕಾರುಗಳಿಂದ ನಾನು ದೂರವಿದ್ದೆ. ಅದರ ದೋಷಗಳು ಹೊರಬಿದ್ದು ಸರಿಯಾಗಲು ಎರಡು ವರ್ಷವಾದರೂ ಬೇಕು. ಟೈರಿನ ಅಳತೆಯೂ ಸಾಮಾನ್ಯದ್ದಾಗಿರಲಿ. ಚಂದಕ್ಕಾಗಿ ಹಾಕುವ 18 ಇಂಚಿನ ಚಕ್ರಗಳ ತೆಳುವಾದ ಟೈರುಗಳು ದುಬಾರಿ, ಗುಂಡಿಗೆ ಬಿದ್ದರೆ ಬೇಗ ಹಾಳಾಗುತ್ತವೆ, ಬೆನ್ನಿಗೂ ಹಿತವಲ್ಲ.

ಕೊನೆಗೆ ನಾವು ಕೊಂಡದ್ದು ಎರಡೂವರೆ ವರ್ಷ ಹಳೆಯದಾದ ಒಂದು ಪೆಟ್ರೋಲ್ ಕಾರನ್ನು. ಬೆಲೆ ಅತಿ ವೇಗವಾಗಿ ಇಳಿಯುವ ಮೊದಲ ವರ್ಷಗಳ ನಷ್ಟವನ್ನು ಹಿಂದಿನ ಮಾಲೀಕರೇ ಭರಿಸಿದ್ದರು. ನಾವು ಬರುವ ಮೊದಲು ಎಂಜಿನ್ ಚಾಲೂ ಮಾಡಬೇಡಿ ಎಂದು ಅವರಲ್ಲಿ ವಿನಂತಿಸಿದ್ದೆ. ಹೋದ ಕೂಡಲೇ ಬಾನೆಟ್ಟಿನ ಮೇಲೆ ಕೈಯಿಟ್ಟು ತಣ್ಣಗಿರುವುದನ್ನು ಖಚಿತಪಡಿಸಿಕೊಂಡೆ. ತಣ್ಣಗಿನ ಎಂಜಿನ್ ಚಾಲೂ ಆಗುವ ಮೊದಲ ಕೆಲವು ಕ್ಷಣಗಳ ಸದ್ದು ಹೇಳುವಷ್ಟನ್ನು ಬಿಸಿಯಾದ ಎಂಜಿನ್ ಹೇಳುವುದಿಲ್ಲ. ಸರ್ವಿಸ್ ಪುಸ್ತಕದ ಪ್ರತಿ ಪುಟದಲ್ಲೂ ಮೊಹರು ಇತ್ತು. ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಗಳನ್ನು ಬಗ್ಗಿ ಓದಿದೆ. ಮೊದಲ ಎರಡು ಅಂಕಿಗಳು ಟೈರು ತಯಾರಾದ ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. ನಾಲ್ಕೂ ಟೈರುಗಳು ಕಾರಿನಷ್ಟೇ ವಯಸ್ಸಿನವು.

ಈಗ ಮುಂದಿನ ಡ್ರಾಯರಿನಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಕಡಿಮೆ ಓಡುವ ಕಾರಿಗೆ ಕ್ಯಾಲೆಂಡರ್ ಪ್ರಕಾರವೇ ಸೇವೆ ಆಗಬೇಕಾದ್ದರಿಂದ ಎಂಜಿನ್ ಆಯಿಲ್ ವರ್ಷಕ್ಕೊಮ್ಮೆ, ಗಾಳಿಯ ತೇವವನ್ನು ಹೀರಿಕೊಳ್ಳುವ ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಎಂದು ಬರೆದು, ಮುಂದೆ ದಿನಾಂಕಕ್ಕೆ ಜಾಗ ಬಿಟ್ಟಿದ್ದೇನೆ. ವಾರಕ್ಕೊಮ್ಮೆಯಾದರೂ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ, ಅರ್ಧ ಗಂಟೆ, ಓಡಿಸುತ್ತೇವೆ. ಒಳಗೆ ಕೂಡಿದ ತೇವ ಆರಿಹೋಗಲು ಅಷ್ಟು ಬೇಕು. ಭಾನುವಾರ ಬೆಳಗ್ಗೆ ಆ ಅರ್ಧ ಗಂಟೆ ಪತ್ನಿಯೇ ಸ್ಟೀರಿಂಗ್ ಹಿಡಿಯುತ್ತಾಳೆ.