ಕೊನೆಗೂ ಕಾಲಂಗಳು ಸಾಲಿಗೆ ಬಂದವು

ಡೈರೆಕ್ಟರಿ, ಅಂದರೆ ಫೋಲ್ಡರ್, ಪಟ್ಟಿ ಮಾಡುವ ನನ್ನ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡ್) ಮತ್ತು ಅದನ್ನು ಬಳಸುವ ಕಮಾಂಡ್ ಈಗ ಕನ್ನಡ ಹೆಸರಿನ ಫೈಲುಗಳನ್ನು ನೆಟ್ಟಗೆ ಕಾಲಂಗಳಲ್ಲಿ ತೋರಿಸುತ್ತಿವೆ. ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ಬದಲಾಯಿಸಿದರೂ ನೆಟ್ಟಗೇ ಇವೆ. "ಅಷ್ಟೇನಾ?" ಅನ್ನಿಸಿದವರು ಕನ್ನಡ, ಇಂಗ್ಲಿಷ್, ಇಮೋಜಿ ಮೂರೂ ಬೆರೆತ ಒಂದು ಫೋಲ್ಡರ್‌ನಲ್ಲಿ ಎಲ್ಎಸ್ (ಫೈಲ್ ಪಟ್ಟಿ ತೋರಿಸುವ ಕಮಾಂಡ್) ಹೊಡೆದು ನೋಡಿ, ಆಮೇಲೆ ಮಾತಾಡೋಣ.

ಓದುವ ಭಾಗದ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ. ಡೈರೆಕ್ಟರಿ ಓದುವ ರೀಡ್‌ಡಿರ್ ಫಂಕ್ಷನ್ ಕೊಟ್ಟಿದ್ದನ್ನು ತೆಗೆದುಕೊಳ್ಳುವುದು, ಫೈಲೋ ಫೋಲ್ಡರೋ ಅನ್ನೋದಕ್ಕೆ ಅದರ ಡಿ-ಟೈಪ್‌ನಲ್ಲೇ ಉತ್ತರ ಸಿಕ್ಕರೆ ಫೈಲಿನ ವಿವರ ಕೇಳುವ ಎಲ್‌ಸ್ಟ್ಯಾಟ್ ತಪ್ಪಿಸುವುದು, ಫೈಲ್ ಸಿಸ್ಟಂ "ಗೊತ್ತಿಲ್ಲ" ಅಂತ ಕೈ ಎತ್ತಿದಾಗ ಮಾತ್ರ ಅದನ್ನು ಕರೆಯುವುದು. ಎಲ್ಲರೂ ಮಾಡುವುದೇ. ಹೆಸರುಗಳನ್ನು ಬರೀ ಬೈಟ್‌ಗಳಾಗಿ ಇಟ್ಟುಕೊಂಡಿದ್ದೇನೆ. ಲಿನಕ್ಸ್‌ನಲ್ಲಿ ಓರೆಗೆರೆ ಮತ್ತು ಶೂನ್ಯ ಬೈಟ್ ಬಿಟ್ಟು ಏನು ಬೇಕಾದರೂ ಹೆಸರಲ್ಲಿ ಇರಬಹುದು, ಹೊಸ ಸಾಲು ಕೂಡ. ಅಂಥ ಹೆಸರಿಗೆ ಕೋಟ್ ಹಾಕುವುದು ಕಮಾಂಡ್‌ನ ಕೆಲಸ, ಲೈಬ್ರರಿಯದಲ್ಲ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರುವ ಗ್ನೂ ಎಲ್ಎಸ್ ಕೂಡ 2016ರ ಕೋರ್‌ಯುಟಿಲ್ಸ್ (ಅದು ಬರುವ ಕಮಾಂಡ್‌ಗಳ ಕಟ್ಟು) 8.25ರಿಂದ ಟರ್ಮಿನಲ್‌ಗೆ ಬರೆಯುವಾಗ ತಾನೇ ಕೋಟ್ ಹಾಕುತ್ತದೆ. ಅದನ್ನು ಬೈಯುವವರು ಇದ್ದಾರೆ, ನಾನು ಆ ಗುಂಪಿನವನಲ್ಲ.

ತಲೆನೋವು ಅಗಲದ್ದು. ಒಂದು ಹೆಸರು ಪರದೆಯ ಮೇಲೆ ಎಷ್ಟು ಸೆಲ್ (ಟರ್ಮಿನಲ್ ಪರದೆಯ ಒಂದೊಂದು ಚೌಕ) ತಿನ್ನುತ್ತದೆ?

ಗ್ನೂ ಸಿ ಲೈಬ್ರರಿಯ ಡಬ್ಲ್ಯುಸಿವಿಡ್ತ್ ಫಂಕ್ಷನ್ ಒಂದೊಂದು ಕೋಡ್‌ಪಾಯಿಂಟ್‌ಗೂ (ಅಕ್ಷರ ಅಥವಾ ಚಿಹ್ನೆಗೆ ಯೂನಿಕೋಡ್ ಮಾನಕ ಕೊಟ್ಟ ಸಂಖ್ಯೆ) ಅಗಲದ ಒಂದು ಅಂಕಿ ಕೊಡುತ್ತದೆ. ಕೂಡಿದರೆ ಮುಗೀತು ಅಂದುಕೊಳ್ಳಬೇಡಿ. ಯೂನಿಕೋಡ್ ಪ್ರಕಾರ ಇ ಸ್ವರದ ಗುಣಿತ ಚಿಹ್ನೆ ಜಾಗ ತಿನ್ನದ ಜಾತಿ, ಆ ಮತ್ತು ಈ ಸ್ವರಗಳ ಚಿಹ್ನೆ ಜಾಗ ತಿನ್ನುವ ಜಾತಿ. ಹಾಗಾಗಿ 'ಕಿ' ಒಂದು ಸೆಲ್, 'ಕೀ' ಎರಡು, 'ಕಾ' ಎರಡು, 'ಕೆ' ಮತ್ತೆ ಒಂದು. 'ಕ್ಷ' ಕೂಡ ಎರಡು, ಯಾಕಂದರೆ ಹಲಂತಕ್ಕೆ ಸೊನ್ನೆ, ಎರಡು ವ್ಯಂಜನಕ್ಕೆ ಒಂದೊಂದು. ಇದೇ ಲೆಕ್ಕವನ್ನು ಟರ್ಮಿನಲ್ಲೂ ಒಪ್ಪಿದ್ದರೆ ತಕರಾರು ಇರಲಿಲ್ಲ. ಕೆಲವು ಒಪ್ಪುತ್ತವೆ. ಕೆಲವು ಇಡೀ ಅಕ್ಷರವನ್ನು ಒಂದು ಗುಂಪು ಅಂತ ನೋಡಿ, ಗುಂಪಿಗೆ ಇಷ್ಟು ಅಂತ ಜಾಗ ಕೊಡುತ್ತವೆ. ಎಡಗಡೆಯ ಕಾಲಂನಲ್ಲಿ ಒಂದು ಸೆಲ್ ತಪ್ಪಿದರೆ ಸಾಕು, ಆ ಸಾಲಿನಲ್ಲಿ ಮುಂದಿನದೆಲ್ಲ ಜಾರುತ್ತದೆ.

ಹಾಗಾದರೆ ನಾವೂ ಗುಂಪು ಲೆಕ್ಕಕ್ಕೇ ಹೋಗೋಣ ಅಂತ ಹೊರಟರೆ ಅಲ್ಲೊಂದು ತಮಾಷೆ. ಒತ್ತಕ್ಷರವನ್ನು ಮಧ್ಯದಲ್ಲಿ ಮುರಿಯಬಾರದು ಅನ್ನುವ ನಿಯಮ 2023ರ ಯೂನಿಕೋಡ್ 15.1ರಲ್ಲಿ ಬಂತು. ಅದು ಅನ್ವಯಿಸುವ ಲಿಪಿಗಳು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ! ಒತ್ತಕ್ಷರ ಇಲ್ಲದೆ ಒಂದು ಸಾಲು ಬರೆಯೋಕೂ ಕಷ್ಟಪಡುವ ನಮ್ಮನ್ನು ಬಿಟ್ಟು ಊಟಕ್ಕೆ ಎಲೆ ಹಾಕಿದ ಹಾಗಾಯ್ತು. ಆ ನಿಯಮ ನೋಡಿ ಗುಂಪು ಮಾಡಿದರೆ ತೆಲುಗಿನ 'ಕ್ಷ' ಒಂದು ಗುಂಪು, ಕನ್ನಡದ 'ಕ್ಷ' ಎರಡು.

ಇನ್ನು ನಾನು ಬಳಸುವ, ಯಾವ ಅಕ್ಷರಕ್ಕೆ ಎಷ್ಟು ಅಗಲ ಅನ್ನುವ ಕೋಷ್ಟಕ ಕೊಡುವ ಪ್ಯಾಕೇಜ್. ಹೆಸರು ಬೇಡ. ಆವೃತ್ತಿಯ ಕೊನೆಯ ಅಂಕಿ ಮಾತ್ರ ಬದಲಾಗಿತ್ತು, ಸುಮ್ನೆ ಅಪ್‌ಡೇಟ್ ಕೊಟ್ಟೆ. ಕನ್ನಡದ ಟೆಸ್ಟ್‌ಗಳೆಲ್ಲ ಕೆಂಪು, ಅಂದರೆ ಫೇಲ್. ಏನು ಬದಲಾಯಿತು ಅಂತ ಹುಡುಕಿದರೆ "ಕೋಷ್ಟಕ ನವೀಕರಣ" ಅಂತ ಒಂದೇ ಸಾಲು ಬರೆದಿದ್ದಾರೆ ಪುಣ್ಯಾತ್ಮರು. ಅವರ ಹೊಸ ಅಂಕಿ ತಪ್ಪು ಅಂತಲೂ ಹೇಳೋಕಾಗಲ್ಲ, ಯಾಕಂದರೆ ಸರಿ ಅನ್ನೋದು ಯಾವ ಟರ್ಮಿನಲ್ ಮುಂದೆ ಕೂತಿದ್ದೀರಿ ಅನ್ನೋದರ ಮೇಲೆ ನಿಂತಿದೆ.

ಟರ್ಮಿನಲ್ಲನ್ನೇ ಕೇಳಬಹುದಲ್ವಾ? ಕೇಳಬಹುದು. ಹೆಸರು ಬರೆದು, ಕರ್ಸರ್ ಎಲ್ಲಿದೆ ಅಂತ ಕೇಳುವ ಎಸ್ಕೇಪ್ (ಟರ್ಮಿನಲ್‌ಗೆ ಸೂಚನೆ ಕೊಡುವ ವಿಶೇಷ ಅಕ್ಷರಗಳ ಸರಣಿ) ಕಳಿಸಿದರೆ ಸಾಲು ಮತ್ತು ಕಾಲಂ ವಾಪಸ್ ಬರುತ್ತದೆ. ಆದರೆ ಅದಕ್ಕೆ ಟರ್ಮಿನಲ್ಲನ್ನು ರಾ ಮೋಡ್‌ಗೆ (ಬಂದದ್ದೆಲ್ಲ ತಕ್ಷಣ ನೇರ ಪ್ರೋಗ್ರಾಂಗೆ ಹೋಗುವ ಸ್ಥಿತಿ) ಹಾಕಬೇಕು, ಉತ್ತರ ಬಾರದಿದ್ದರೆ ಎಷ್ಟು ಹೊತ್ತು ಕಾಯಬೇಕು ಅಂತ ನಿರ್ಧರಿಸಬೇಕು, ಅಷ್ಟರಲ್ಲಿ ಬಳಕೆದಾರ ಮುಂದಿನ ಕಮಾಂಡ್ ಟೈಪ್ ಮಾಡಿದ್ದರೆ ಅವನ ಅಕ್ಷರಗಳೂ ಟರ್ಮಿನಲ್ ಉತ್ತರವೂ ಒಂದೇ ಕೊಳವೆಯಲ್ಲಿ ಕಲಸಿಕೊಂಡು ಬರುತ್ತವೆ. ಎಸ್ಎಸ್ಎಚ್ ಮೂಲಕ ದೂರದ ಕಂಪ್ಯೂಟರಿನಲ್ಲಿ ಇದ್ದರಂತೂ ಕೇಳಬೇಡಿ. ಫೈಲ್ ಪಟ್ಟಿ ನೋಡೋಕೆ ಇಷ್ಟೆಲ್ಲಾ ಬೇಕಾ? ಕೋಡ್ ಕಿತ್ತು ಹಾಕಿದೆ.

ಸುಳಿವು ಸಿಕ್ಕಿದ್ದು ಗ್ನೂ ಎಲ್ಎಸ್‌ನಿಂದಲೇ. ಅದೇ ಫೋಲ್ಡರ್ ಬಣ್ಣ ಇಲ್ಲದೆ ನೋಡಿದಾಗ ಬಹುಪಾಲು ಸಾಲು ನೆಟ್ಟಗೆ, ಬಣ್ಣ ಹಾಕಿದರೆ ಸೊಟ್ಟ. ಬಣ್ಣಕ್ಕೂ ಅಗಲಕ್ಕೂ ಏನು ಸಂಬಂಧ! ಸೋರ್ಸ್ ತೆಗೆದು ನೋಡಿದರೆ, ಬಣ್ಣ ಇಲ್ಲದಾಗ ಅದು ಕಾಲಂಗಳ ನಡುವೆ ಟ್ಯಾಬ್ ಬಳಸುತ್ತದೆ, ಬಣ್ಣ ಇದ್ದರೆ ಬರೀ ಸ್ಪೇಸ್. ಟ್ಯಾಬ್ ಎಲ್ಲಿ ನಿಲ್ಲಬೇಕು ಅನ್ನೋದು ಟರ್ಮಿನಲ್ ಲೆಕ್ಕ. ನಮ್ಮ ಲೆಕ್ಕ ಒಂದು ಸೆಲ್ ಆಚೀಚೆ ಆದರೂ ಟ್ಯಾಬ್ ಅದನ್ನು ನುಂಗಿಕೊಳ್ಳುತ್ತದೆ.

ಹಾಗಿದ್ದರೆ ಸ್ಪೇಸ್ ತುಂಬೋದೇ ಯಾಕೆ? ಎಸ್ಕೇಪ್, ಎಡ ಚೌಕ ಆವರಣ, ಕಾಲಂ ಸಂಖ್ಯೆ, ದೊಡ್ಡ ಜಿ. ಇಷ್ಟು ಕಳಿಸಿದರೆ ಕರ್ಸರ್ ಅದೇ ಸಾಲಿನಲ್ಲಿ ಆ ಕಾಲಂಗೆ ಹೋಗಿ ಕೂರುತ್ತದೆ. ಹಳೇ ವಿದ್ಯೆ. ಹಿಂದಿನ ಹೆಸರು ಎಷ್ಟು ಸೆಲ್ ತಿಂದಿತು ಅಂತ ನಿಖರವಾಗಿ ಗೊತ್ತಿರಬೇಕಾಗಿಯೇ ಇಲ್ಲ, ಜಾಸ್ತಿ ಅಂದರೆ ಎಷ್ಟು ತಿನ್ನಬಹುದು ಅಂತ ಗೊತ್ತಿದ್ದರೆ ಸಾಕು.

ಹಾಗಾಗಿ ಲೈಬ್ರರಿಯ ಅಗಲದ ಫಂಕ್ಷನ್ ಈಗ ಎರಡು ಅಂಕಿ ಕೊಡುತ್ತದೆ, ಕನಿಷ್ಠ ಮತ್ತು ಗರಿಷ್ಠ. ಗರಿಷ್ಠಕ್ಕೆ ಕೋಡ್‌ಪಾಯಿಂಟ್ ಮೊತ್ತ ಮಾತ್ರ ಸಾಲದು. ನಾಲ್ಕು ಜನರ ಕುಟುಂಬದ ಇಮೋಜಿಯಲ್ಲಿ ಆ ಮೊತ್ತ 8, ಗುಂಪಿನ ಲೆಕ್ಕ 2, ಅಲ್ಲಿ ಮೊತ್ತವೇ ದೊಡ್ಡದು. ಆದರೆ ಕೆಂಪು ಹೃದಯದಲ್ಲಿ ಉಲ್ಟಾ, ಮೊತ್ತ 1, ಹೊಸ ಟರ್ಮಿನಲ್‌ಗಳಲ್ಲಿ 2. ಅದಕ್ಕೇ ಪ್ರತಿ ಗುಂಪಿಗೂ ಎರಡರಲ್ಲಿ ದೊಡ್ಡದನ್ನು ತೆಗೆದುಕೊಂಡು ಕೂಡುತ್ತೇನೆ. ಇದರಿಂದ ಕೆಲವೊಮ್ಮೆ ಕಾಲಂ ನಡುವೆ ಜಾಗ ಜಾಸ್ತಿ ಉಳಿಯುತ್ತದೆ. ಉಳಿಯಲಿ ಬಿಡಿ.

ಅಂದಹಾಗೆ ಈ ದೋಷ ಇಷ್ಟು ಕಾಲ ಯಾರನ್ನೂ ಕಾಡದೆ ಇರೋಕೆ ಕಾರಣ ಉದ್ದ ಪಟ್ಟಿ (ಸಾಲಿಗೊಂದು ಫೈಲ್, ವಿವರಗಳ ಸಮೇತ) ಅಂತ ನನ್ನ ಅನುಮಾನ. ಅಲ್ಲಿ ಹೆಸರು ಸಾಲಿನ ಕೊನೆಗೆ ಬರುತ್ತದೆ, ಅದರ ಬಲಕ್ಕೆ ಜಾರೋಕೆ ಏನೂ ಇರಲ್ಲ.

ಇದರ ಮಧ್ಯೆ ಮುಂದಿನ ಪ್ರಾಜೆಕ್ಟ್ ತಾನಾಗಿ ಹುಟ್ಟಿಕೊಂಡಿದೆ. ಟೆಸ್ಟ್ ಫೋಲ್ಡರ್‌ನಲ್ಲಿ 'ಕೋಟೆ' ಅನ್ನುವ ಫೈಲ್ ಎರಡು ಇದ್ದವು, ಕಣ್ಣಿಗೆ ಒಂದೇ. ಒಂದರಲ್ಲಿ 'ಕೋ' ಎರಡು ಕೋಡ್‌ಪಾಯಿಂಟ್, 6 ಬೈಟ್. ಇನ್ನೊಂದರಲ್ಲಿ ಚಿಹ್ನೆ ಬಿಡಿಬಿಡಿಯಾಗಿ ನಾಲ್ಕು ಕೋಡ್‌ಪಾಯಿಂಟ್, 12 ಬೈಟ್. ಹಳೇ ಮ್ಯಾಕ್‌ಗಳ ಫೈಲ್ ಸಿಸ್ಟಂ ಎಚ್ಎಫ್ಎಸ್ ಪ್ಲಸ್ ಹೆಸರನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಹೆಸರಿಗೆ 255 ಬೈಟ್ ಮಿತಿ, ಅಂದರೆ ಕನ್ನಡದ 85 ಕೋಡ್‌ಪಾಯಿಂಟ್, ಬಿಡಿಸಿದ ಹೆಸರು ಅದನ್ನು ಇನ್ನೂ ಬೇಗ ಮುಟ್ಟುತ್ತದೆ. ಇಂಥ ಅವಳಿಗಳನ್ನು ಹಿಡಿದು ತೋರಿಸುವ ಒಂದು ಸಣ್ಣ ಕಮಾಂಡ್ ಮಾಡಬೇಕು. ಲೈಬ್ರರಿ ಬೈಟ್‌ಗಳನ್ನು ಮುಟ್ಟದೆ ಕೊಡುವುದರಿಂದ ಅರ್ಧ ಕೆಲಸ ಆಗಿಯೇ ಇದೆ.

ಬಾಕಿ ಇರೋದು ಎರಡು. ಬಣ್ಣ ಬಲವಂತ ಮಾಡಿ, ಪುಟಪುಟವಾಗಿ ತೋರಿಸುವ ಲೆಸ್ ಕಮಾಂಡ್‌ನ ದೊಡ್ಡ ಆರ್ ಆಯ್ಕೆಗೆ ಪೈಪ್ ಮಾಡಿದರೆ (ಪಟ್ಟಿಯನ್ನು ಪರದೆಯ ಬದಲು ಅದಕ್ಕೆ ಕಳಿಸಿದರೆ) ಅದು ಬಣ್ಣದ ಎಸ್ಕೇಪ್ ಹಾಗೇ ದಾಟಿಸುತ್ತದೆ, ಕರ್ಸರ್ ಎಸ್ಕೇಪ್ ದಾಟಿಸಲ್ಲ, ಪರದೆ ತುಂಬ ಕಸ. ಪೈಪ್ ಕಂಡರೆ ಸಾಲಿಗೊಂದು ಹೆಸರು ಅಂತ ಮಾಡಿ ಅದನ್ನು ಮುಗಿಸುತ್ತೇನೆ. ಎರಡನೆಯದು ಮಲ್ಟಿಪ್ಲೆಕ್ಸರ್, ಅಂದರೆ ಒಂದು ಟರ್ಮಿನಲ್ಲಿನೊಳಗೆ ಹಲವು ಟರ್ಮಿನಲ್ ನಡೆಸುವ ಪ್ರೋಗ್ರಾಂ. ಅದು ತನ್ನದೇ ಸೆಲ್ ಲೆಕ್ಕ ಇಟ್ಟುಕೊಂಡು ಹೊರಗಿನ ಟರ್ಮಿನಲ್‌ಗೆ ಮತ್ತೆ ಬರೆಯುತ್ತದೆ, ಇಬ್ಬರ ಲೆಕ್ಕ ಹೊಂದದಿದ್ದರೆ ಮತ್ತೆ ಸೊಟ್ಟ, ಮತ್ತು ಅಲ್ಲಿಗೆ ನನ್ನ ಕೈ ಹೋಗಲ್ಲ. ಸದ್ಯಕ್ಕೆ ಅದರೊಳಗೆ ಇರುವವರು ಒಂದೇ ಕಾಲಂನ ಆಯ್ಕೆ ಬಳಸಿ.