‘ಊಟ ಬೇಡ ಎಂದರು’ ಅಂತ ಬರೆಯುವ ಮುಂಚೆ

ಬಳ್ಳಾರಿಯ ಒಂದು ವೃದ್ಧಾಶ್ರಮದಲ್ಲಿ ಊಟದ ಉಸ್ತುವಾರಿ ನನ್ನದು. ಇರುವ ಇಪ್ಪತ್ತೆರಡು ಜನರಲ್ಲಿ ಒಂಬತ್ತು ಮಂದಿಗೆ ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ. ಪ್ರತಿ ಊಟ ಆದಮೇಲೆ ರಿಜಿಸ್ಟರಿನಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ಒಂದು ಸಾಲು ಬರೆಯಬೇಕು. ಮೊದಲ ವರ್ಷ ನಾನು ಜಾಸ್ತಿ ಬರೆದದ್ದು ‘ಊಟ ಬೇಡ ಎಂದರು’. ಆ ಪುಟ ಈಗ ತಿರುವಿದರೆ ನಾಚಿಕೆ ಆಗುತ್ತದೆ. ಎಷ್ಟೋ ಜನ ಬೇಡ ಅಂದೇ ಇರಲಿಲ್ಲ.

ಸಿರುಗುಪ್ಪ ಕಡೆಯ ಒಬ್ಬ ಅಜ್ಜಿ ಇದ್ದರು. ತಟ್ಟೆ ಮುಂದಿಟ್ಟರೆ ಸಾಕು, ರೊಟ್ಟಿ ಮಡಚಿ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದರು. ಒಂದು ತುತ್ತೂ ಬಾಯಿಗೆ ಹೋಗುತ್ತಿರಲಿಲ್ಲ. ಎರಡು ತಿಂಗಳಲ್ಲಿ ನಾಲ್ಕು ಕೆಜಿ ಇಳಿದರು. ಬಚ್ಚಿಡುವ ಚಟ ಅಂದುಕೊಂಡು ನಾವು ಹಾಸಿಗೆ ಕೆಳಗಿನ ಒಣ ರೊಟ್ಟಿ ದಿನಾ ಗುಡಿಸಿ ಹಾಕುತ್ತಿದ್ದೆವು.

ಒಂದು ಮಧ್ಯಾಹ್ನ ನನಗೆ ತಾಳ್ಮೆ ಕೆಟ್ಟಿತು. ಎದುರಿಗೆ ನಿಂತುಕೊಂಡೇ, ಗದ್ದ ಹಿಡಿದು, ಅನ್ನ-ಸಾರು ಚಮಚದಲ್ಲಿ ತುರುಕಿದೆ. ನೆತ್ತಿಗೆ ಹತ್ತಿತು. ಅಜ್ಜಿ ಕೆಮ್ಮಿ ಕೆಮ್ಮಿ ಮುಖ ಕೆಂಪಾಯಿತು. ಸಿಸ್ಟರ್ ಓಡಿ ಬಂದು ಮುಂದಕ್ಕೆ ಬಗ್ಗಿಸಿ ಬೆನ್ನು ತಟ್ಟಿದರು, ಸರಿಹೋಯಿತು. ಸಿಸ್ಟರ್ ನನಗೆ ಬೈಯಲಿಲ್ಲ. ‘ಯಾಕೆ ಉಣ್ಣಲ್ಲ ಅಂತ ಅವರನ್ನೇ ಕೇಳಿದ್ದೀರಾ?’ ಅಂದರು, ಅಷ್ಟೇ. ಮರೆವಿನವರನ್ನು ಕೇಳಿ ಏನು ಸಿಗುತ್ತದೆ ಅಂತ ಮನಸ್ಸಿನಲ್ಲಿ ಅಂದುಕೊಂಡೆ. ಆದರೂ ಮರುದಿನ ಪಕ್ಕದಲ್ಲಿ ಕೂತು ಕೇಳಿದೆ.

‘ಯಾಕ ಯವ್ವಾ, ಉಣ್ಣವಲ್ಲಿ?’

‘ಹೊಲಕ್ಕ ಹೋದೋರು ಇನ್ನಾ ಬಂದಿಲ್ಲ. ಅವ್ರು ಉಣ್ಣದ ನಾ ಹೆಂಗ ಉಣ್ಲಿ?’

ನಮಗೆ ಅನುಕೂಲ ಅಂತ ನಾವು ಹೆಂಗಸರಿಗೇ ಮೊದಲು ಬಡಿಸುತ್ತಿದ್ದೆವು. ಜೀವನಪೂರ್ತಿ ಕಡೆಗೆ ಉಂಡವರಿಗೆ ಅದು ಹೇಗೆ ಒಪ್ಪಿಗೆ ಆದೀತು? ಆಮೇಲೆ ಅವರ ಕೈಗೇ ರೊಟ್ಟಿ ಬುಟ್ಟಿ ಕೊಟ್ಟೆವು. ಇಬ್ಬರು ಅಜ್ಜಂದಿರಿಗೆ ಅವರೇ ಹಾಕುತ್ತಾರೆ. ‘ಎಲ್ಲಾರದೂ ಆತು, ನೀ ಕುಂದ್ರು’ ಅಂದರೆ ಕೂತು ಉಣ್ಣುತ್ತಾರೆ. ದಿನಾ ಅಲ್ಲ. ವಾರದಲ್ಲಿ ಐದು ದಿನ ಅನ್ನಿ.

ಇನ್ನೊಬ್ಬರು ರೈಸ್ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದವರು. ಊಟದ ಹಾಲ್ ಬಾಗಿಲ ತನಕ ಬಂದು, ಜೇಬು ತಡವಿ ನೋಡಿ, ವಾಪಸ್ ಹೋಗುತ್ತಿದ್ದರು. ಅವರ ಲೆಕ್ಕದಲ್ಲಿ ಅದು ಖಾನಾವಳಿ, ಕೈಯಲ್ಲಿ ದುಡ್ಡಿಲ್ಲ. ‘ಫ್ರೀ ಐತಿ, ಬರ್ರಿ’ ಅಂದಾಗ ಸಿಟ್ಟೇ ಬಂತು. ಬಿಟ್ಟಿ ಊಟ ಮಾಡುವವರಲ್ಲ ಅವರು. ಈಗ ಬೆಳಿಗ್ಗೆ ಜೇಬಿಗೆ ಒಂದು ಊಟದ ಚೀಟಿ ಹಾಕುತ್ತೇವೆ. ಬಾಗಿಲಲ್ಲಿ ಕೊಟ್ಟು ಒಳಗೆ ಬರುತ್ತಾರೆ. ಇದು ಮೋಸ ಅಲ್ವಾ ಅಂತ ಅವರ ಮಗ ಕೇಳಿದರು. ಇರಬಹುದು. ನನಗಂತೂ ಆ ಚೀಟಿ ಬಗ್ಗೆ ಬೇಜಾರಿಲ್ಲ.

ಅಡುಗೆಮನೆಯಲ್ಲಿ ಕಲಿತದ್ದೇ ಬೇರೆ. ಈ ಕಾಯಿಲೆ ಮುಂದುವರಿದಂತೆ ಅಗಿಯುವುದು, ನುಂಗುವುದು ಎರಡೂ ಕಷ್ಟ ಆಗುತ್ತದೆ. ತಿಂದದ್ದು ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಅನ್ನ-ಸಾರು ಮೆತ್ತಗೆ, ಅದೇ ಸುಲಭ ಅಂತ ನಾನು ತಿಳಿದಿದ್ದೆ. ತೆಳ್ಳನೆ ಸಾರು ಸರ್‍ರನೆ ಗಂಟಲಿಗೆ ಹೋಗುತ್ತದೆ, ಅನ್ನದ ಅಗುಳು ಬಾಯಲ್ಲೇ ಉಳಿಯುತ್ತದೆ. ಎರಡು ಹದ ಒಟ್ಟಿಗೆ ಇದ್ದರೆ ಅವರಿಗೆ ಸಂಭಾಳಿಸಲು ಆಗಲ್ಲ. ಈಗ ಗಟ್ಟಿ ಬೇಳೆ ಹಾಕಿ ಒಂದೇ ಹದಕ್ಕೆ ಕಿವುಚುತ್ತೇವೆ. ಕಟಕ ರೊಟ್ಟಿ, ಮಂಡಕ್ಕಿ, ಇಡೀ ಶೇಂಗಾ ಪೂರ್ತಿ ಬಂದ್. ಒಣ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕೆಮ್ಮು ತರುತ್ತದೆ, ಮೊಸರಿನಲ್ಲಿ ಕಲಸಿದರೆ ಪರವಾಗಿಲ್ಲ. ಇನ್ನೂ ಅಗಿಯಬಲ್ಲವರಿಗೆ ಮುಟಗಿ: ಬಿಸಿ ರೊಟ್ಟಿ ಮುರಿದು, ತುಪ್ಪ, ಬೆಳ್ಳುಳ್ಳಿ, ಉಪ್ಪು ಹಾಕಿ ಮೆತ್ತಗೆ ನಾದಿ ಸಣ್ಣ ಉಂಡೆ ಮಾಡಿದರೆ ಚಮಚ ಬೇಡ, ಕೈಯಲ್ಲೇ ತಿನ್ನುತ್ತಾರೆ. ಚಮಚ ಹಿಡಿಯುವುದು ಮರೆತ ಕೈಗೆ ಉಂಡೆ ಎತ್ತುವುದು ಮರೆತಿರುವುದಿಲ್ಲ. ಯಾರಿಗೆ ಯಾವ ಹದ ಅನ್ನುವುದನ್ನು ಮಾತ್ರ ಡಾಕ್ಟರೇ ನೋಡಿ ಹೇಳುತ್ತಾರೆ. ನೆಟ್ಟಗೆ ಕೂರಿಸಿ ಉಣಿಸಬೇಕು, ಉಂಡ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಕೆನ್ನೆಯೊಳಗೆ ತುತ್ತು ಉಳಿದಿದೆಯಾ ಅಂತಲೂ ನೋಡಬೇಕು. ನಮ್ಮಲ್ಲಿ ಇದು ತುಂಬ ಸಲ ಮರೆತುಹೋಗುತ್ತಿತ್ತು.

ತಟ್ಟೆಯದ್ದೂ ಒಂದು ಕಥೆ. ಬಿಳಿ ತಟ್ಟೆಯಲ್ಲಿ ಬಿಳಿ ಮೊಸರನ್ನ ಹಾಕಿದರೆ ಕೆಲವರಿಗೆ ಅನ್ನ ಕಾಣುವುದೇ ಇಲ್ಲ. ಹೂವಿನ ಚಿತ್ರದ ತಟ್ಟೆ ಕೊಟ್ಟಾಗ ಒಬ್ಬ ಅಜ್ಜಿ ಆ ಹೂವನ್ನೇ ಉಗುರಿನಿಂದ ಕೆರೆದು ಎತ್ತಲು ನೋಡಿದರು. ಬಾಸ್ಟನ್‌ನ ಸಂಶೋಧಕರು 2004ರಲ್ಲಿ ಅಲ್ಜೈಮರ್ (ಇದೂ ಒಂದು ಬಗೆಯ ಮರೆವಿನ ಕಾಯಿಲೆ) ರೋಗಿಗಳಿಗೆ ಕಡುಕೆಂಪು ತಟ್ಟೆ-ಲೋಟ ಕೊಟ್ಟು ನೋಡಿದ್ದರು. ಊಟ ಶೇ. 25ರಷ್ಟು, ಕುಡಿಯುವುದು ಶೇ. 84ರಷ್ಟು ಜಾಸ್ತಿ ಆಯಿತಂತೆ. ಬೆರಳೆಣಿಕೆಯ ಜನರ ಮೇಲೆ ಮಾಡಿದ್ದು, ಅದೇ ವೇದವಾಕ್ಯ ಅನ್ನಲ್ಲ. ನಾವೂ ಬಜಾರಿನಿಂದ ಕೆಂಪು ತಟ್ಟೆ, ಕೆಂಪು ಲೋಟ ತಂದೆವು. ಊಟದಲ್ಲಿ ಅಂಥ ಫರಕು ಕಾಣಲಿಲ್ಲ. ಲೋಟ ಮಾತ್ರ ಖಾಲಿ ಆಗತೊಡಗಿತು, ನಮಗೆ ಅಷ್ಟೇ ದೊಡ್ಡದು. ಏಪ್ರಿಲ್-ಮೇ ತಿಂಗಳ ಬಳ್ಳಾರಿ ಬಿಸಿಲು 40 ಡಿಗ್ರಿ ದಾಟುತ್ತದೆ. ಇವರಿಗೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆ, ಗೊತ್ತಾದರೂ ಕೇಳಲು ಬರಲ್ಲ. ನೀರು ಕಡಿಮೆಯಾದ ದಿನ ಗೊಂದಲವೂ ಜಾಸ್ತಿ. ಅದಕ್ಕೇ ಮಜ್ಜಿಗೆ, ಅಂಬಲಿ ಸ್ವಲ್ಪ ಸ್ವಲ್ಪ ಕೊಡುತ್ತಲೇ ಇರುತ್ತೇವೆ.

ರಿಜಿಸ್ಟರಿನಲ್ಲಿ ಈಗ ‘ಊಟ ಬೇಡ ಎಂದರು’ ಅಂತ ಬರೆಯುವಂತಿಲ್ಲ. ಏನು ಮಾಡಿದರು, ಏನು ಅಂದರು, ಆಗ ಸುತ್ತ ಏನು ನಡೀತಿತ್ತು, ಅದನ್ನು ಬರೆಯಬೇಕು. ಸಿಬ್ಬಂದಿಗೆ ಇದು ಕಿರಿಕಿರಿ. ‘ಟಿ.ವಿ. ಜೋರಾಗಿತ್ತು, ಕಿವಿ ಮುಚ್ಚಿಕೊಂಡರು’ ಅಂತ ಮೂರು ದಿನ ಒಂದೇ ಸಾಲು ಬಂದ ಮೇಲೆ ಊಟದ ಹೊತ್ತಿಗೆ ಟಿ.ವಿ. ಆರಿಸಿದೆವು.

ರಾತ್ರಿ ಊಟ ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಹೊತ್ತು ಮುಳುಗುತ್ತಿದ್ದಂತೆ ನಾಲ್ಕೈದು ಜನಕ್ಕೆ ಚಡಪಡಿಕೆ ಶುರುವಾಗುತ್ತದೆ, ಮನೆಗೆ ಹೋಗಬೇಕು ಅಂತ ಗೇಟಿನ ಹತ್ತಿರ ನಿಲ್ಲುತ್ತಾರೆ. ಸದ್ಯಕ್ಕೆ ದೊಡ್ಡ ಊಟವನ್ನು ಮಧ್ಯಾಹ್ನಕ್ಕೆ ತಂದಿದ್ದೇವೆ. ಸಂಜೆ ಐದೂವರೆಗೇ, ಬೆಳಕಿರುವಾಗಲೇ, ಬೆಲ್ಲ ಹಾಕಿದ ಗೋಧಿ ಹುಗ್ಗಿ. ಸಿರುಗುಪ್ಪದ ಅಜ್ಜಿ ಅದನ್ನೂ ಮೊದಲು ಗೇಟಿನಲ್ಲಿ ನಿಂತವರಿಗೆ ಕೊಟ್ಟು ಬಾ ಅಂತಾರೆ.